ಬಾಕ್ಸಿಂಗ್ ಹುಡುಗರ ಸರ್ಟಿಫಿಕೇಟು ಬರೆದದ್ದು

ಕೈಬರಹ ಚೆಂದ ಇದ್ದವರನ್ನು ನಮ್ಮ ಕಡೆ ಯಾರೂ ಸುಮ್ಮನೆ ಕೂರಲು ಬಿಡುವುದಿಲ್ಲ. ಮದುವೆ ಕಾಗದದ ಮೇಲಿನ ವಿಳಾಸ, ಭಜನಾ ಮಂಡಳಿಯ ಬೋರ್ಡು, ನೆರೆಮನೆಯವರ ರೇಷನ್ ಕಾರ್ಡಿನ ಅರ್ಜಿ, ಎಲ್ಲವೂ ಬಂಟ್ವಾಳದ ನಮ್ಮ ಮನೆಯ ಜಗಲಿಗೇ ಬರುತ್ತಿತ್ತು. ಎಂಬತ್ತರ ದಶಕದ ಮೊದಲಿಗೆ ಮೂಡುಬಿದಿರೆಯ ಒಂದು ಕಾಲೇಜಿನ ಆಫೀಸಿನಲ್ಲಿ ನನಗೆ ಟೈಪಿಸ್ಟ್ ಕೆಲಸ ಸಿಕ್ಕಿತು. ಸೇರಿ ಒಂದು ವಾರ ಆಗುವಷ್ಟರಲ್ಲಿ ಸರ್ಟಿಫಿಕೇಟು ಬರೆಯುವುದೂ ನನ್ನ ತಲೆಗೇ ಬಂತು. ಓಟ, ಭಾಷಣ, ರಂಗೋಲಿ, ಯಾವುದರಲ್ಲಿ ಯಾರು ಗೆದ್ದರೂ ಅವರ ಹೆಸರು ನನ್ನ ನಿಬ್ಬಿನಿಂದಲೇ ಹೊರಡಬೇಕು.

ಕೆಲಸ ಹಂಗಾಮಿ. ಪ್ರತಿ ಜೂನಿನಲ್ಲಿ ಹೊಸ ಆರ್ಡರು. ಆ ಆರ್ಡರನ್ನೂ ನಾನೇ ಟೈಪ್ ಮಾಡಬೇಕಿತ್ತು. ಮ್ಯಾನೇಜರು ಒಂದು ಚೀಟಿಯಲ್ಲಿ ಬರೆದು ನನ್ನ ಮೇಜಿಗೆ ಹಾಕಿದರೆ ಮುಂದಿನ ವರ್ಷ ಉಂಟು ಅಂತ ಅರ್ಥ, ಹಾಕದಿದ್ದರೆ ಇಲ್ಲ. ಈ ಕೆಲಸ ಸಿಕ್ಕಿದ್ದು ಬೆಳ್ತಂಗಡಿಯಿಂದ ಮೇಲೆ, ಘಟ್ಟದ ಬುಡದ ಕಡೆಯ ಒಬ್ಬ ಯಜಮಾನರ ಮಾತಿನಿಂದ. ನನ್ನ ಅಪ್ಪ ಬೆಳ್ತಂಗಡಿಯ ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗ ಇಬ್ಬರಿಗೂ ಸ್ನೇಹ. ಅಪ್ಪ ತೀರಿಹೋದ ಮೇಲೆ ಅವರೇ ಆಡಳಿತ ಮಂಡಳಿಯವರ ಹತ್ತಿರ ಹೋಗಿ, “ಒಂದು ಹೆಣ್ಣು ಮಗು ಉಂಟು, ಅಕ್ಷರ ಒಳ್ಳೆಯದು” ಅಂತ ಹೇಳಿ ಬಂದಿದ್ದರು.

ನಾನು ಅಣ್ಣನ ಮನೆಯಲ್ಲಿದ್ದೆ. ಆಗ ನನಗೊಂದು ಸಂಬಂಧ ಬಂದಿತ್ತು. ಹುಡುಗ ಅನ್ನಲಿಕ್ಕೆ ಬಾರದು, ಹೆಂಡತಿ ಸತ್ತವರು, ಇಬ್ಬರು ದೊಡ್ಡ ಮಕ್ಕಳು. ಅಣ್ಣ ಊಟಕ್ಕೆ ಕೂತಾಗಲೆಲ್ಲ ಒಂದೇ ಮಾತು. “ಕೆಲಸ ಉಂಟು ಅಂತ ಸುಮ್ಮನಿದ್ದೇನೆ. ಕೆಲಸ ಹೋದ ದಿನ ಅವರಿಗೆ ಹ್ಞೂಂ ಅನ್ನುವುದೇ.” ಅತ್ತಿಗೆ ಮಜ್ಜಿಗೆ ಬಡಿಸುತ್ತಾಳೆ. ಹಾಗಾಗಿ ಬೆಳಿಗ್ಗೆ ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಒಂದು ಕಾಲಿನ ಮೇಲೆ ನಿಂತು ಹೋಗುವುದೂ ನನಗೆ ಸುಖವೇ ಆಗಿತ್ತು. ಆಫೀಸಿನಲ್ಲಿ ಮಾತ್ರ ನನ್ನ ಮೇಜು ಸ್ಟೀಲ್ ಕಪಾಟಿಗೂ ಗೋಡೆಗೂ ನಡುವೆ. ಹೊರಗೆ ಬರಬೇಕಾದರೆ ಮ್ಯಾನೇಜರು ತಮ್ಮ ಕುರ್ಚಿಯನ್ನು ಮುಂದೆ ಎಳೆದುಕೊಳ್ಳಬೇಕು. ನೀರು ಕುಡಿಯಲಿಕ್ಕೂ “ಸಾರ್, ಸ್ವಲ್ಪ” ಅನ್ನಬೇಕು.

ಎರಡನೆಯ ವರ್ಷ ಬಂದ ವ್ಯಾಯಾಮದ ಮಾಸ್ಟ್ರಿಗೆ ಬಾಕ್ಸಿಂಗ್ ಹುಚ್ಚು. ಸುತ್ತಲಿನ ಕಾಲೇಜುಗಳಿಗೆಲ್ಲ ಕಾಗದ ಬರೆದು ಒಂದು ಪಂದ್ಯಾಟ ಇಟ್ಟರು. ನಮ್ಮ ಮೈದಾನದಲ್ಲಿ ಬೈಹುಲ್ಲು ಹಾಸಿ, ಮೇಲೆ ಗೋಣಿ, ಅದರ ಮೇಲೆ ಟಾರ್ಪಾಲು, ಸುತ್ತ ಬಾವಿಯ ಹಗ್ಗ. ಅದೇ ರಿಂಗ್. ಶಿರ್ತಾಡಿಯ ಕಡೆಯಿಂದ ಬರುತ್ತಿದ್ದ ನಮ್ಮ ಪ್ಯೂನ್ ಅದನ್ನು ನೋಡಿ, “ಹೊಡೆದಾಡಲಿಕ್ಕೂ ಕಾಲೇಜಿಗೆ ಬರಬೇಕಾ ಮಾರಾಯ್ರೆ? ನಮ್ಮ ಬಸ್ಸಿನಲ್ಲಿ ದಿನಾ ಉಂಟಲ್ಲ” ಅಂದ.

ಬಂದ ಫಾರ್ಮುಗಳನ್ನು ನೋಡಿ ನನಗೆ ತಲೆ ತಿರುಗಿತು. ಒಬ್ಬನೇ ಹುಡುಗನ ಹೆಸರು ಕಾಲೇಜಿನ ಪಟ್ಟಿಯಲ್ಲಿ ಒಂದು ಥರ, ಅವನೇ ತುಂಬಿಸಿದ ಫಾರ್ಮಿನಲ್ಲಿ ಇನ್ನೊಂದು ಥರ, ಡಾಕ್ಟರು ಕೊಟ್ಟ ಚೀಟಿಯಲ್ಲಿ ಮತ್ತೊಂದು. ಇಂಗ್ಲಿಷಿನಲ್ಲಿ ಒಂದು ‘ಎ’ ಹಾಕುವುದೋ ಎರಡೋ. ‘ಟಿ’ ಸಾಕೋ, ಹಿಂದೆ ‘ಎಚ್’ ಬೇಕೋ. ‘ವಿ’ಯೋ ‘ಡಬ್ಲ್ಯೂ’ವೋ. ಕ್ರಿಶ್ಚಿಯನ್ ಹುಡುಗರ ಮನೆತನದ ಹೆಸರಿನ ಕೊನೆಗೆ ‘ಎಸ್’ ಬರೆದರೆ ಒಬ್ಬ ಬೇಸರ ಮಾಡಿಕೊಳ್ಳುತ್ತಾನೆ, ‘ಝೆಡ್’ ಬರೆದರೆ ಅವನ ತಮ್ಮ. ಇನಿಶಿಯಲ್ಲಿನದ್ದು ಇನ್ನೂ ದೊಡ್ಡ ಗೋಳು. ಊರಿನದ್ದಾ, ಅಪ್ಪನದ್ದಾ, ಸೋದರಮಾವನ ಮನೆಯದ್ದಾ?

“ಹೆಸರು ಹೇಗೆ ಬರೆದರೂ ಪೆಟ್ಟು ಒಂದೇ ಅಲ್ವಾ” ಅಂತ ಮಾಸ್ಟ್ರು ನಗುತ್ತಿದ್ದರು. ಅವರಿಗೆ ನಗು. ಪಂದ್ಯ ಮುಗಿದ ಮೇಲೆ ಹುಡುಗರು ಎಸ್ಸೆಸ್ಸೆಲ್ಸಿ ಪುಸ್ತಕ ಹಿಡಿದುಕೊಂಡು ಬರುವುದು ನನ್ನ ಹತ್ತಿರ. ಆಗ ನಾನು ಒಂದು ಕಾಗದ ಟೈಪ್ ಮಾಡಿ ಪ್ರಾಂಶುಪಾಲರ ಸೈನು ಹಾಕಿಸಿ ಕೊಡುತ್ತಿದ್ದೆ: ಸರ್ಟಿಫಿಕೇಟಿನಲ್ಲಿರುವ ಹೆಸರೂ ಪುಸ್ತಕದಲ್ಲಿರುವ ಹೆಸರೂ ಒಬ್ಬನದ್ದೇ ಎಂದು ಈ ಮೂಲಕ ದೃಢೀಕರಿಸಲಾಗಿದೆ. ಕಣ್ಣು ಮುಚ್ಚಿ ಹೊಡೆಯುವಷ್ಟು ಅದು ಬಾಯಿಪಾಠವಾಗಿತ್ತು.

ನಮ್ಮ ಕಾಲೇಜಿನಿಂದಲೇ ಸ್ಪರ್ಧೆಗೆ ನಿಂತವರಲ್ಲಿ ಇಬ್ಬರು ಆ ಬೆಳ್ತಂಗಡಿ ಯಜಮಾನರ ಮನೆಯ ಹುಡುಗರು. ಅಕ್ಕ ತಂಗಿಯರ ಮಕ್ಕಳು. ಅಳಿಯಸಂತಾನದ ಮನೆ ಅದು; ಅಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು, ಅವರ ಮೇಲಿನ ಅಧಿಕಾರ ಸೋದರಮಾವನದ್ದು. ಯಜಮಾನರೇ ಆ ಸೋದರಮಾವ. ಹಿಂದಿನ ಯಜಮಾನರು ತೀರಿಕೊಂಡ ಎರಡು ವರ್ಷದೊಳಗೆ ಅಕ್ಕನಿಗೂ ತಂಗಿಗೂ ಗಂಡು ಮಕ್ಕಳಾದವು. ಅಜ್ಜನೇ ಹುಟ್ಟಿ ಬಂದದ್ದು ಅಂತ ಅಕ್ಕ ಹೇಳಿದಳು, ಇಲ್ಲ ನನ್ನ ಹೊಟ್ಟೆಯಲ್ಲಿ ಅಂತ ತಂಗಿ. ಜಗಳ ಬೇಡ ಅಂತ ಇಬ್ಬರಿಗೂ ಅದೇ ಹೆಸರು ಇಟ್ಟುಬಿಟ್ಟರು. ಮನೆಯಲ್ಲಿ ದೊಡ್ಡವನು, ಸಣ್ಣವನು ಅಂತ ಕರೆಯುವುದು. ಫಾರ್ಮಿನಲ್ಲಿ ಇಬ್ಬರ ಪೋಷಕರ ಜಾಗದಲ್ಲೂ ಒಂದೇ ಮಾವನ ಸೈನು, ಇಬ್ಬರಿಗೂ ಆ ಮನೆಯ ಇನಿಶಿಯಲ್. ದೊಡ್ಡವನ ಹೆಸರಿನಲ್ಲಿ ಯಾವುದೋ ಮಾಸ್ಟ್ರು ಒಂದು ‘ಎಚ್’ ಸೇರಿಸಿದ್ದರು, ಸಣ್ಣವನದ್ದರಲ್ಲಿ ಇರಲಿಲ್ಲ. ವ್ಯತ್ಯಾಸ ಅಂದರೆ ಅಷ್ಟೇ.

ಪಂದ್ಯದ ಬೆಳಿಗ್ಗೆ ಹುಡುಗರ ತೂಕ ನೋಡಲಿಕ್ಕೆ ಅಡಿಕೆ ವ್ಯಾಪಾರಿಯೊಬ್ಬರ ಗೋಡೌನಿನಿಂದ ಮೂಟೆ ತೂಗುವ ತಕ್ಕಡಿ ತರಿಸಿದ್ದರು. ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಬರೆಯುವುದು. ಸಣ್ಣವನು ತನ್ನ ವಿಭಾಗದ ಮಿತಿಯಾದ ಐವತ್ತೊಂದು ಕಿಲೋಕ್ಕಿಂತ ಚೂರು ಜಾಸ್ತಿ ಇದ್ದ. ಮಾಸ್ಟ್ರು ಅವನ ಕೈಗೆ ಒಂದು ಡಬ್ಬಿ ಕೊಟ್ಟು, ಎಂಜಲು ಉಗಿಯುತ್ತಾ ಮೈದಾನಕ್ಕೆ ಸುತ್ತು ಹಾಕು, ತೂಕ ಇಳಿಯುತ್ತದೆ ಅಂದರು. ಅವನು ಅಂಗಿಯ ಮೇಲೆ ಸ್ವೆಟರು, ಅದರ ಮೇಲೆ ದೊಡ್ಡವನ ಸ್ವೆಟರು ಹಾಕಿಕೊಂಡು ಮುಕ್ಕಾಲು ಗಂಟೆ ಓಡಿದ. ಬಂದು ಹತ್ತಿದಾಗ ಮುಳ್ಳು ಸರಿಯಾಗಿ ನಿಂತಿತು. ದೊಡ್ಡವನು ಅರುವತ್ತರ ಮೇಲೆ. ಅವನಿಗೆ ಆ ಕಷ್ಟವೇ ಇರಲಿಲ್ಲ, ಕೂತು ಅವಲಕ್ಕಿ ತಿನ್ನುತ್ತಿದ್ದ. ಮೊದಲನೆಯ ಸುತ್ತಿನಲ್ಲೇ ಅವನ ಮೂಗಿನಲ್ಲಿ ರಕ್ತ ಬಂತು. ಸಣ್ಣವನು ಮೂವರನ್ನು ಸೋಲಿಸಿ ಫೈನಲ್ ಗೆದ್ದ. ಹಗ್ಗದ ಹೊರಗೆ ಟವೆಲು ಹಿಡಿದು ಎಲ್ಲರಿಗಿಂತ ಜೋರಾಗಿ ಕೂಗಿದವನು ದೊಡ್ಡವನೇ. ಅವನ ಮೂಗಿಗೆ ಹತ್ತಿ ತುರುಕಿದ್ದರಿಂದ ಸ್ವರ ಬಾತುಕೋಳಿಯ ಹಾಗೆ ಬರುತ್ತಿತ್ತು. ನಾವು ಪಂದ್ಯಕ್ಕಿಂತ ಅದಕ್ಕೇ ಹೆಚ್ಚು ನಕ್ಕೆವು.

ಸರ್ಟಿಫಿಕೇಟಿನ ಕಾಗದ ಹಳೆಯ ಕ್ರೀಡಾಕೂಟಕ್ಕೆ ಮುದ್ರಿಸಿ ಉಳಿದದ್ದು. ಸ್ಪರ್ಧೆಯ ಹೆಸರಿಗೆ ಬಿಟ್ಟ ಜಾಗ ಎರಡು ಬೆರಳು. ಅಲ್ಲಿ ‘ಬಾಕ್ಸಿಂಗ್’ ಅಂತ ಬರೆದರೆ ಮುಗಿಯಿತು. ಯಾವ ತೂಕದ ವಿಭಾಗ ಅಂತ ಬರೆಯಲಿಕ್ಕೆ ಗೆರೆಯೂ ಇಲ್ಲ, ನನಗೆ ಹೊಳೆಯಲೂ ಇಲ್ಲ. ಹೆಸರು, ಕಾಲೇಜು, ಬಾಕ್ಸಿಂಗ್, ಪ್ರಥಮ.

ಏಪ್ರಿಲಿನಲ್ಲಿ ಒಂದು ದಿನ ಮಧ್ಯಾಹ್ನ ಯಜಮಾನರು ವೇಣೂರು ದಾರಿಯ ಬಸ್ಸಿನಲ್ಲಿ ಬಂದರು. ಮ್ಯಾನೇಜರು ಎದ್ದು ನಿಂತು ಕುರ್ಚಿ ಕೊಟ್ಟರು. ಯಜಮಾನರು ಕೊಡೆಯನ್ನು ಮೂಲೆಗಿಟ್ಟು, ಚೀಲದಿಂದ ನಾಲ್ಕು ಮುಳ್ಳುಸೌತೆ ತೆಗೆದು ನನ್ನ ಮೇಜಿನ ಮೇಲೆ ಇಟ್ಟು, “ಅತ್ತಿಗೆಗೆ ಕೊಡು ಮಗಾ” ಅಂದರು. ಆಮೇಲೆ ಸರ್ಟಿಫಿಕೇಟು ತೆಗೆದರು.

“ನಿನ್ನ ಅಕ್ಷರ ನಮ್ಮ ಊರಿನವರಿಗೆಲ್ಲ ತೋರಿಸಿ ಆಯಿತು. ಒಂದು ‘ಎಚ್’ ಬಿಟ್ಟಿದ್ದೀ ಅಷ್ಟೇ. ಪುಸ್ತಕ ತಂದಿದ್ದೇನೆ, ನೀನು ಎಲ್ಲರಿಗೂ ಕೊಡುವ ಕಾಗದ ಒಂದು ಕೊಡು.”

ಎಸ್ಸೆಸ್ಸೆಲ್ಸಿ ಪುಸ್ತಕ ಬಿಡಿಸಿದೆ. ಹುಟ್ಟಿದ ತಾರೀಕು ನೋಡಿದ ಕೂಡಲೇ ಗೊತ್ತಾಯಿತು.

“ಇದು ದೊಡ್ಡವನದ್ದು. ಗೆದ್ದದ್ದು ಸಣ್ಣವನಲ್ಲವಾ?”

“ಹೌದು” ಅಂದರು ಅವರು.

ತಪ್ಪಿ ತಂದಿರಬೇಕು ಅಂತ ನಾನು ಅಂದುಕೊಂಡಿದ್ದೆ. ಅವರು ಮುಚ್ಚಿಡಲೂ ಇಲ್ಲ, ಸ್ವರ ತಗ್ಗಿಸಲೂ ಇಲ್ಲ. ಆಟಗಾರರನ್ನು ತೆಗೆದುಕೊಳ್ಳುವ ಒಂದು ಸರಕಾರಿ ಕೆಲಸ ಕರೆದಿದ್ದಾರೆ, ಸಣ್ಣವನಿಗೆ ವಯಸ್ಸು ಸಾಲದು, ಅವನು ಹೇಗೂ ಓದುತ್ತಾನೆ. ದೊಡ್ಡವನಿಗೆ ಓದು ತಲೆಗೆ ಹತ್ತುವುದಿಲ್ಲ. ಮನೆಗೆ ಒಂದು ಸರಕಾರಿ ಕೆಲಸ ಬರಲಿ ಅಂತ ಎಲ್ಲರೂ ಕೂತು ಮಾತಾಡಿ ಆಗಿದೆ.

“ಸಣ್ಣವನಿಗೆ ಕೆಲಸಕ್ಕೆ ಸೇರುವ ವಯಸ್ಸು ಬಂದಾಗ ಇದು ಅವನಿಗೆ ಬೇಕಾಗ್ತದಲ್ಲ?” ಅಂದೆ.

“ನೋಡು ಮಗಾ, ಕಂಬಳದಲ್ಲಿ ಓಡುವುದು ಕೋಣ. ಪದಕ ಕೋಣಕ್ಕಾ ಕೊಡುವುದು? ಮೈಕಿನಲ್ಲಿ ಮನೆಯ ಹೆಸರು ಹೇಳುವುದಲ್ವಾ?”

ಮ್ಯಾನೇಜರು ನಕ್ಕರು. “ಅದೂ ಹೌದೇ.”

“ಕೋಣಗಳಿಗೂ ಒಂದೊಂದು ಹೆಸರು ಇರ್ತದೆ” ಅಂತ ನನ್ನ ಬಾಯಿಂದ ಬಂದುಹೋಯಿತು.

“ಇರ್ತದೆ” ಅಂದರು ಯಜಮಾನರು. “ನಾವು ಇಟ್ಟದ್ದು.”

ಸಿಟ್ಟಿನಿಂದ ಹೇಳಿದ್ದಲ್ಲ. ಮಗುವಿಗೆ ಬುದ್ಧಿ ಹೇಳಿದ ಹಾಗೆ ಹೇಳಿದರು. ನನ್ನ ಅಪ್ಪ ತೀರಿದ ದಿನ ಕೊನೆಯವರೆಗೂ ನಮ್ಮ ಅಂಗಳದಲ್ಲಿ ನಿಂತಿದ್ದವರು ಅವರೊಬ್ಬರೇ. ಅದು ನನಗೆ ಮರೆಯುವ ಹಾಗಿರಲಿಲ್ಲ, ಅವರು ನೆನಪಿಸಿದ್ದೂ ಇಲ್ಲ. ನೆನಪಿಸಿದ್ದು ಮ್ಯಾನೇಜರು. ಪೆನ್ಸಿಲಿಗೆ ಮೊನೆ ಮಾಡುತ್ತಾ, “ಈ ಸಲದ ಆರ್ಡರು ಇನ್ನೂ ನಿಮ್ಮ ಮೇಜಿಗೆ ಬರಲಿಲ್ಲ ಅಲ್ವಾ ಮೇಡಂ?” ಅಂದರು. ಅವರು ನನ್ನನ್ನು ಮೇಡಂ ಅಂದದ್ದು ಅದೇ ಮೊದಲು.

ಪಂದ್ಯದ ರಿಜಿಸ್ಟರು ಆಟದ ಕೋಣೆಯಲ್ಲಿದೆ, ನೋಡಿ ಬರುತ್ತೇನೆ ಅಂದೆ. ಮ್ಯಾನೇಜರು ಕುರ್ಚಿ ಎಳೆದುಕೊಳ್ಳಲಿಕ್ಕೆ ಸ್ವಲ್ಪ ಹೊತ್ತು ತೆಗೆದುಕೊಂಡರು.

ಹೊರಗೆ ವರಾಂಡದಲ್ಲಿ ನೀರಿನ ಡ್ರಮ್ಮಿನ ಹತ್ತಿರ ಸಣ್ಣವನು ನಿಂತಿದ್ದ. ಮಾವನ ಜತೆಯಲ್ಲೇ ಬಂದವನು, ಒಳಗೆ ಬಂದಿರಲಿಲ್ಲ.

“ನಿನಗೆ ಗೊತ್ತುಂಟಾ?” ಅಂತ ಕೇಳಿದೆ.

“ಉಂಟು ಅಕ್ಕ.”

“ಒಪ್ಪಿಗೆ ಉಂಟಾ?”

“ಅದನ್ನು ಕೇಳಿದವರು ನೀವೇ ಮೊದಲು” ಅಂತ ನಕ್ಕ. ನಕ್ಕಾಗ ಹುಬ್ಬಿನ ಮೇಲಿನ ಒಣಗಿದ ಗಾಯ ಎಳೆಯಿತು.

“ಬೇಡ ಅಂತ ಹೇಳು ಮತ್ತೆ.”

ಅವನು ಡ್ರಮ್ಮಿನ ಮುಚ್ಚಳವನ್ನು ಸರಿಸಿದ, ಮತ್ತೆ ಮುಚ್ಚಿದ. “ಅಮ್ಮ ನನ್ನ ಅಪ್ಪನ ಮನೆ ಬಿಟ್ಟು ನನ್ನನ್ನು ಎತ್ತಿಕೊಂಡು ಬಂದದ್ದು. ಇಷ್ಟು ವರ್ಷದಲ್ಲಿ ಮಾವ ಅದನ್ನು ಎತ್ತಿ ಒಂದು ದಿನ ಒಂದು ಚುಚ್ಚುಮಾತು ಆಡಲಿಲ್ಲ ಅಕ್ಕ. ಆಡಿದ್ದಿದ್ದರೆ ನಾನೂ ಒಂದು ಮಾತು ಆಡಬಹುದಿತ್ತು.”

ನಾನು ಅವನು ಬೇಡ ಅನ್ನಲಿ ಅಂತ ಕಾಯುತ್ತಿದ್ದೆ. ಅವನು ಬಹುಶಃ ನಾನು ಆಗುವುದಿಲ್ಲ ಅನ್ನಲಿ ಅಂತ ಕಾಯುತ್ತಿದ್ದ. ಗಂಟೆ ಹೊಡೆಯಿತು, ಹುಡುಗರೆಲ್ಲ ಹೊರಗೆ ಬಂದರು, ನಾನು ಒಳಗೆ ಹೋದೆ. ರಿಜಿಸ್ಟರು ನೋಡಲಿಕ್ಕೆ ಹೋದವಳು ಬರಿಗೈಯಲ್ಲಿ ಬಂದದ್ದನ್ನು ಯಾರೂ ಕೇಳಲಿಲ್ಲ.

ಒಂದು ದಾರಿ ಇತ್ತು. ಸರ್ಟಿಫಿಕೇಟು ನನ್ನ ಎದುರೇ ಇತ್ತು, ಅದೇ ಶಾಯಿ, ಅದೇ ನಿಬ್ಬು. ‘ಬಾಕ್ಸಿಂಗ್’ ಅನ್ನುವುದರ ಪಕ್ಕದಲ್ಲಿ ಐವತ್ತೊಂದು ಕಿಲೋ ಅಂತ ಸಣ್ಣಗೆ ಬರೆದಿದ್ದರೆ ದೊಡ್ಡವನು ಅದನ್ನು ಎಲ್ಲಿಗೂ ಒಯ್ಯುವ ಹಾಗಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆದೆ. ಯಜಮಾನರು ಮ್ಯಾನೇಜರ ಹತ್ತಿರ ಗೇರುಬೀಜದ ಫಸಲಿನ ಮಾತಾಡುತ್ತಿದ್ದರು, ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಅಷ್ಟು ನಂಬಿಕೆ. ನಾನು ಮುಚ್ಚಳ ಹಾಕಿ ಟೈಪ್‌ರೈಟರಿಗೆ ಕಾಗದ ಏರಿಸಿದೆ. ಎರಡು ಹೆಸರೂ ಒಬ್ಬನದ್ದೇ ಎಂದು ಈ ಮೂಲಕ. ಕಾರ್ಬನ್ ಪ್ರತಿ ಫೈಲಿಗೆ ಹೋಯಿತು. ಪ್ರಾಂಶುಪಾಲರು ದಿನಾ ಇಂಥ ಹತ್ತು ಕಾಗದಕ್ಕೆ ಸೈನು ಹಾಕುವವರು, ಇದಕ್ಕೂ ಹಾಕಿದರು. ಸೌತೆಕಾಯಿಗಳನ್ನು ಮನೆಗೆ ತಂದು ಅತ್ತಿಗೆಗೆ ಕೊಟ್ಟೆ. ಅವಳು ಹಸಿಯಾಗಿ ಹೆಚ್ಚಿ ಉಪ್ಪು ಹಾಕಿ ಎಲ್ಲರಿಗೂ ಕೊಟ್ಟಳು. ನನಗೆ ಹೊಟ್ಟೆ ಸರಿಯಿಲ್ಲ ಅಂದೆ.

ಜೂನಿನಲ್ಲಿ ಆರ್ಡರಿನ ಚೀಟಿ ಮೇಜಿಗೆ ಬಂತು. ನಾನೇ ಟೈಪ್ ಮಾಡಿದೆ. ದೊಡ್ಡವನಿಗೆ ಕೆಲಸ ಆಯಿತು ಅಂತ ಪ್ಯೂನ್ ಸುದ್ದಿ ತಂದ. ಸಣ್ಣವನು ದಿನಾ ಕಾಲೇಜಿಗೆ ಬರುತ್ತಿದ್ದ, ಎದುರು ಸಿಕ್ಕಿದರೆ “ಅಕ್ಕ, ಊಟ ಆಯ್ತಾ” ಅಂತ ಕೇಳುತ್ತಿದ್ದ. ಅವನಿಗೆ ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಾರನೆಯ ವರ್ಷದ ಪಂದ್ಯಾಟಕ್ಕೆ ಫಾರ್ಮು ಕೊಡುವ ಕೊನೆಯ ದಿನ ಅವನು ನಾನು ಫಾರ್ಮು ತೆಗೆದುಕೊಳ್ಳುತ್ತಿದ್ದ ಆಫೀಸಿನ ಕೌಂಟರಿಗೆ ಬಂದ. ಫಾರ್ಮು ನೋಡಿದೆ. ಪೋಷಕರ ಜಾಗದಲ್ಲಿ ಮಾವನ ಸೈನು ಇಲ್ಲ. ಪೆನ್ಸಿಲಿನಲ್ಲಿ ಮೊದಲು ಗೆರೆ ಎಳೆದು, ಅದರ ಮೇಲೆ ಕನ್ನಡದಲ್ಲಿ ಒಂದೊಂದೇ ಅಕ್ಷರ ಕೂರಿಸಿದ ಹೆಂಗಸಿನ ಹೆಸರು. ಕಾಗದದ ಹಿಂದಿನವರೆಗೂ ಅಚ್ಚು ಮೂಡುವಷ್ಟು ಒತ್ತಿ ಬರೆದದ್ದು. ಅವನ ಹೆಸರಿನ ಮುಂದೆ ಮನೆಯ ಇನಿಶಿಯಲ್ ಬದಲು ಅಮ್ಮನ ಹೆಸರಿನ ಮೊದಲ ಅಕ್ಷರ.

“ಇದು ನಿನ್ನ ಯಾವ ದಾಖಲೆಯಲ್ಲೂ ಇಲ್ಲ ಮಾರಾಯ” ಅಂದೆ. “ನೀನು ಗೆದ್ದರೂ ಈ ಸರ್ಟಿಫಿಕೇಟು ನಿನ್ನ ಪುಸ್ತಕಕ್ಕೆ ಹೊಂದುವುದಿಲ್ಲ. ಯಾವ ಕೆಲಸಕ್ಕೂ ಬರುವುದಿಲ್ಲ.”

“ಯಾರ ಕೆಲಸಕ್ಕೂ ಬರಬಾರದು ಅಂತಲೇ” ಅಂದ ಅವನು.

ಹಿಂದಿನಿಂದ ಮ್ಯಾನೇಜರು, “ಏನದು? ಯಜಮಾನರ ಸೈನು ಉಂಟಲ್ಲ?” ಅಂತ ಕೇಳಿದರು.

“ಪೋಷಕರ ಸೈನು ಉಂಟು ಸಾರ್” ಅಂದೆ. ಸೀಲು ಕೈಗೆ ಹತ್ತಿರವೇ ಇತ್ತು. ಅವರು ಕುರ್ಚಿಯಿಂದ ಎದ್ದು ಬರುವುದರೊಳಗೆ ಹೊಡೆದುಬಿಟ್ಟೆ. ಸೀಲು ಬಿದ್ದ ಫಾರ್ಮನ್ನು ರದ್ದು ಮಾಡಬೇಕಾದರೆ ಪ್ರಾಂಶುಪಾಲರಿಗೆ ಕಾರಣ ಬರೆದುಕೊಡಬೇಕು, ಮ್ಯಾನೇಜರಿಗೆ ಬರೆಯುವುದೆಂದರೆ ಆಗದು. ಅವರು ಫಾರ್ಮನ್ನು ನೋಡಿದರು, ನನ್ನನ್ನು ನೋಡಿದರು. “ನಿಮ್ಮ ತಲೆಯ ಮೇಲೆ” ಅಂದರು.

ಆ ವರ್ಷ ಅವನು ಗೆಲ್ಲಲಿಲ್ಲ. ಸೆಮಿಫೈನಲಿನಲ್ಲಿ ಮಂಗಳೂರಿನ ಹುಡುಗನೊಬ್ಬ ಇವನನ್ನು ಅಂಕದಲ್ಲಿ ಸೋಲಿಸಿದ. ಮೂರನೆಯ ಸ್ಥಾನ. ಸರ್ಟಿಫಿಕೇಟು ನಾನು ಬರೆದೆ. ಫಾರ್ಮಿನಲ್ಲಿ ಹೇಗಿತ್ತೋ ಹಾಗೇ ಹೆಸರು, ಬಾಕ್ಸಿಂಗ್ ಪಕ್ಕದಲ್ಲಿ ಅವನ ತೂಕ. ಅವನು ಬಂದು ಎರಡು ಸಲ ಓದಿದ. ಆಮೇಲೆ ನನ್ನ ಮೇಜಿನ ಮೇಲೆ ಹಿಂದಕ್ಕೆ ಇಟ್ಟ.

“ಇದನ್ನು ನಿಮ್ಮ ಡ್ರಾಯರಿನಲ್ಲಿ ಇಟ್ಟುಕೊಳ್ತೀರಾ ಅಕ್ಕ? ಆ ಮನೆಯಲ್ಲಿ ಇದನ್ನು ಇಡುವ ಜಾಗ ಇಲ್ಲ.”

ಯಜಮಾನರಿಗೆ ಸುದ್ದಿ ಹೋಗಿತ್ತಂತೆ. ಅವರು ಆಗಲೂ ಒಂದು ಮಾತು ಆಡಲಿಲ್ಲವಂತೆ.

ಮೂರು ವಾರ ಕಳೆದು ಒಬ್ಬ ಹೆಂಗಸು ಕೌಂಟರಿನ ಹತ್ತಿರ ಬಂದು ನಿಂತರು. ಬಣ್ಣ ಮಾಸಿದ ಹಸಿರು ಸೀರೆ, ಕೈಯಲ್ಲಿ ಒಂದು ಔಷಧಿ ಬಾಟ್ಲಿ. ಬಸದಿ ಹತ್ತಿರದ ಪಂಡಿತರಿಂದ ಯಜಮಾನರ ಹೆಂಡತಿಗೆ ಮಂಡಿನೋವಿನ ಎಣ್ಣೆ ತರಲಿಕ್ಕೆ ಅಂತ ಮನೆಯಲ್ಲಿ ಹೇಳಿ ಬಂದದ್ದಂತೆ. “ನನ್ನ ಮಗನದ್ದು ಒಂದು ಕಾಗದ ನಿಮ್ಮ ಹತ್ತಿರ ಉಂಟಂತೆ” ಅಂದರು ತುಳುವಿನಲ್ಲಿ, ಮೆಲ್ಲಗೆ.

ಡ್ರಾಯರಿನಿಂದ ತೆಗೆದು ಕೌಂಟರಿನ ಮೇಲೆ ಬಿಡಿಸಿದೆ. ಅವರಿಗೆ ಇಂಗ್ಲಿಷು ಬಾರದು. ಕಾಗದವನ್ನು ಮುಟ್ಟದೆ ಬಗ್ಗಿ ನೋಡಿದರು.

“ಇದರಲ್ಲಿ ನನ್ನದು ಎಲ್ಲಿ?”

ನಾನು ಮೊದಲ ಅಕ್ಷರವನ್ನು ತೋರಿಸಿದೆ.

“ಇಷ್ಟೇಯಾ?”

“ಅಷ್ಟೇ ಅಮ್ಮ. ಒಂದೇ ಅಕ್ಷರ.”

ಸೆರಗಿಗೆ ಬೆರಳು ಒರೆಸಿಕೊಂಡು ಆ ಅಕ್ಷರದ ಮೇಲೆ ಇಟ್ಟು ನೋಡಿದರು. ಒಯ್ಯುತ್ತೀರಾ ಅಂತ ಕೇಳಿದೆ. ತಲೆ ಅಲ್ಲಾಡಿಸಿದರು.

“ಇಲ್ಲೇ ಇರಲಿ ಮಗಾ. ಎರಡೂವರೆಯ ಬಸ್ಸಿಗೆ ನಾನು ಹೋಗ್ಬೇಕು. ಹಾಲು ಕರೆಯುವ ಹೊತ್ತಿಗೆ ಹಟ್ಟಿಯಲ್ಲಿ ಇಲ್ಲದಿದ್ದರೆ ಎಲ್ಲಿ ಅಂತ ಕೇಳ್ತಾರೆ.”